ಅಡಕತ್ತರಿ ದವಡೆಯ ಇರುವೆ

ಬೇಸಿಗೆಯಲ್ಲಿ ಉಡುಪಿಯ ನಮ್ಮ ಹಿತ್ತಲಲ್ಲಿ ಹಲಸು ಕೊಯ್ಯುತ್ತೇವೆ. ತೊಟ್ಟು ಕಡಿದ ಕೂಡಲೇ ಮೇಣ ಇಳಿಯುತ್ತದೆ. ನಾವು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡಿರುತ್ತೇವೆ, ಇರುವೆಗೆ ಆ ಅನುಕೂಲ ಎಲ್ಲಿ? ಒಂದೆರಡು ಕೆಂಪಿರುವೆ ಅಂಟಿಕೊಂಡೇ ಬಿಡುತ್ತವೆ. ಆಗೆಲ್ಲ ನನಗೆ ಮ್ಯಾನ್ಮಾರ್‌ನ ಒಂದು ಇರುವೆ ನೆನಪಾಗುತ್ತದೆ.

ಅದು ಸಿಕ್ಕಿಬಿದ್ದದ್ದು ಮರದ ರಾಳದಲ್ಲಿ, ಸುಮಾರು 9 ಕೋಟಿ 90 ಲಕ್ಷ ವರ್ಷಗಳ ಹಿಂದೆ. ರಾಳ ಮಣ್ಣಿನಡಿ ಗಟ್ಟಿಯಾಗಿ ಆಂಬರ್ ಆಯಿತು. ಒಳಗಿನ ಇರುವೆ ಮೈಮೇಲಿನ ಕೂದಲು ಸಮೇತ ಉಳಿಯಿತು. 2016ರಲ್ಲಿ ವಿಜ್ಞಾನಿಗಳು ಈ ಕುಲಕ್ಕೆ ಸೆರಾಟೋಮಿರ್ಮೆಕ್ಸ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಕೊಂಬಿನ ಇರುವೆ’ ಎಂದರ್ಥ. ಇದರ ಬಳಗಕ್ಕೆ ‘ನರಕದ ಇರುವೆಗಳು’ ಎಂಬ ಅಡ್ಡಹೆಸರಿದೆ.

ಕೆಂಪಿರುವೆಯನ್ನು ಲೆನ್ಸ್ ಹಿಡಿದು ನೋಡಿ. ದವಡೆ ಎಡಬಲಕ್ಕೆ ಆಡುತ್ತದೆ. ಈಗ ಬದುಕಿರುವ ಎಲ್ಲ ಇರುವೆಗಳದ್ದೂ ಹೀಗೇ. ನರಕದ ಇರುವೆಯ ದವಡೆ ಮಾತ್ರ ಕುಡುಗೋಲಿನಂತೆ ಬಾಗಿ, ಕೆಳಗಿನಿಂದ ಮೇಲಕ್ಕೆ ಏಳುತ್ತಿತ್ತು. ಮೇಲೆ ತಲೆಯಿಂದ ಚಾಚಿದ ಉದ್ದ ಕೊಂಬು. ಎಲೆ ಅಡಿಕೆ ಹಾಕುವವರ ಮನೆಯ ಅಡಕತ್ತರಿ ನೋಡಿದ್ದೀರಿ ಅಲ್ವಾ? ಅಡಿಕೆಯ ಜಾಗದಲ್ಲಿ ಒಂದು ಹುಳು ಇದೆ ಎಂದುಕೊಳ್ಳಿ. ಬಾಯಿಯ ಬಳಿ ಉದ್ದನೆಯ ಸೂಕ್ಷ್ಮ ಕೂದಲುಗಳೂ ಇದ್ದವು. ಬೇಟೆ ಅವುಗಳಿಗೆ ತಾಗಿದರೆ ಸಾಕು, ದವಡೆ ಟಕ್ಕೆಂದು ಮುಚ್ಚುತ್ತಿತ್ತು ಎಂಬುದು ವಿಜ್ಞಾನಿಗಳ ಊಹೆ.

ದವಡೆ ಮೇಲಕ್ಕೆ ಏಳುತ್ತಿತ್ತು ಎಂಬುದಕ್ಕೆ ಸಾಕ್ಷಿ 2020ರಲ್ಲಿ ಪ್ರಕಟವಾಯಿತು. ಒಂದು ಆಂಬರ್ ತುಂಡಿನಲ್ಲಿ ಸೆರಾಟೋಮಿರ್ಮೆಕ್ಸ್ ಕೆಲಸಗಾರ ಇರುವೆ, ಜಿರಲೆಯ ದೂರದ ನಂಟಿನ ಒಂದು ಮರಿಹುಳುವಿನ ಕುತ್ತಿಗೆಯನ್ನು ದವಡೆ ಮತ್ತು ಕೊಂಬಿನ ನಡುವೆ ಹಿಡಿದಿದೆ. ಹಿಡಿದ ಹಿಡಿತ ಬಿಡುವ ಮೊದಲೇ ರಾಳ ಎರಡನ್ನೂ ಮುಚ್ಚಿತು. ಇಂಥ ಪಳೆಯುಳಿಕೆ ಸಿಗುವುದು ತೀರಾ ಅಪರೂಪ.

ಈ ಬಳಗದ ಅತಿ ಹಳೆಯ ಇರುವೆ ಬ್ರೆಜಿಲ್‌ನ ಸುಣ್ಣದ ಕಲ್ಲಿನಲ್ಲಿದೆ, 11 ಕೋಟಿ 30 ಲಕ್ಷ ವರ್ಷದ್ದು. 2025ರಲ್ಲಿ ಅದರ ವಿವರ ಹೊರಬಂತು. ಕೆನಡಾದ ಆಂಬರ್‌ನಲ್ಲಿರುವುದು 7 ಕೋಟಿ 80 ಲಕ್ಷ ವರ್ಷದ್ದು. ನಡುವೆ 3.5 ಕೋಟಿ ವರ್ಷ! ಅಷ್ಟು ಕಾಲ ನಡೆದ ದವಡೆಯನ್ನು ಸುಮ್ನೆ ‘ಸೋತ ಪ್ರಯೋಗ’ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಡೈನೋಸಾರ್‌ಗಳ ಕಾಲ ಮುಗಿದ ಮೇಲಿನ ಒಂದು ಪಳೆಯುಳಿಕೆಯಲ್ಲೂ ಈ ಬಳಗ ಕಂಡಿಲ್ಲ. ನಮ್ಮ ಹಲಸಿನ ಮರದ ಕೆಂಪಿರುವೆಯ ಕುಲ ಆಂಬರ್‌ನಲ್ಲಿ ಕಾಣಿಸುವುದು ಅದಾದ ನಂತರವೇ, ಎಡಬಲಕ್ಕೆ ಆಡುವ ದವಡೆಯೊಂದಿಗೆ.