ಕಾಸ್ಟ್ ಮಾಡಿದರೆ ಕಂಪೈಲರ್ ಸುಮ್ಮನಾಗುತ್ತದೆ

ಸಿ ಭಾಷೆಯಲ್ಲಿ ವಸ್ತುಗಳನ್ನು ಕಟ್ಟುವಾಗ ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಇದು: ‘ಆಕಾರ’ ಎಂಬ ಸ್ಟ್ರಕ್ಟನ್ನು (ಹಲವು ಸದಸ್ಯಗಳನ್ನು ಒಟ್ಟಿಗೆ ಇಡುವ ವಿಧ) ‘ವೃತ್ತ’, ‘ಬಹುಭುಜ’ ಸ್ಟ್ರಕ್ಟ್‌ಗಳ ಮೊದಲ ಸದಸ್ಯವಾಗಿ ಇಡುವುದು. ಮೊದಲ ಸದಸ್ಯದ ವಿಳಾಸವೇ ಸ್ಟ್ರಕ್ಟ್‌ನ ವಿಳಾಸ ಎಂದು ಭಾಷೆಯ ಮಾನಕವೇ ಖಾತರಿ ಕೊಡುತ್ತದೆ. ತೊಂದರೆ ಇರುವುದು ‘((ಬಹುಭುಜ *)(ವ))’ ಎಂದಷ್ಟೇ ಬಿಚ್ಚಿಕೊಳ್ಳುವ ಮ್ಯಾಕ್ರೋಗಳಲ್ಲಿ, ಅಂದರೆ ಕಂಪೈಲ್ ಆಗುವ ಮುನ್ನವೇ ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳಲ್ಲಿ. ‘ವ’ ಎಂಬ ಪಾಯಿಂಟರನ್ನು (ವಸ್ತುವಿನ ವಿಳಾಸವನ್ನು) ಪರೀಕ್ಷಿಸದೆಯೇ ಬಹುಭುಜದ್ದೆಂದು ಘೋಷಿಸುವ ಇದಕ್ಕೇ ಕಾಸ್ಟ್ ಎನ್ನುವುದು.

ಚಿತ್ರ ಬಿಡಿಸುವ ಒಂದು ತಂತ್ರಾಂಶದಲ್ಲಿ ಇಂಥ ಮ್ಯಾಕ್ರೋಗೆ ವೃತ್ತವೊಂದು ಹೋಗಿಬಿಟ್ಟಿತ್ತು. ತ್ರಿಜ್ಯವಿದ್ದ 8 ಬೈಟ್‌ಗಳನ್ನು ಕೋಡ್ ಬಿಂದುಗಳ ಪಟ್ಟಿಯ ವಿಳಾಸವೆಂದು ಓದಿತು. ಪ್ರೋಗ್ರಾಂ ಕುಸಿದದ್ದು ಗೆರೆ ಎಳೆಯುವ ಇನ್ನೊಂದು ಕಡತದಲ್ಲಿ; ತಪ್ಪು ಕಾಸ್ಟ್ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಕೊಡುವುದಾದರೂ ಹೇಗೆ? ಕಾಸ್ಟ್ ಬರೆದು ಅದರ ಬಾಯಿ ಮುಚ್ಚಿಸಿದವರು ನಾವೇ.

ವೃತ್ತವನ್ನು ಆಕಾರವಾಗಿ ನೋಡಲು ಕಾಸ್ಟ್ ಬೇಕಾಗಿಯೇ ಇಲ್ಲ. ‘(&(ವ)->ಮೂಲ)’ ಸಾಕು; ‘ಮೂಲ’ ಎಂಬ ಸದಸ್ಯ ಇಲ್ಲದ ಸ್ಟ್ರಕ್ಟ್ ಕೊಟ್ಟರೆ ಕಂಪೈಲ್ ಆಗುವುದಿಲ್ಲ.

ಆಕಾರದಿಂದ ವೃತ್ತಕ್ಕೆ ಇಳಿಯುವಾಗ ಮಾತ್ರ ಓಡುವ ಹೊತ್ತಿನಲ್ಲಿ ಪರೀಕ್ಷೆ ಬೇಕು. ಪ್ರತಿ ವಸ್ತುವೂ ತನ್ನ ವಿಧದ ವಿವರಕ್ಕೆ ಒಂದು ಪಾಯಿಂಟರ್ ಇಟ್ಟುಕೊಂಡಿರಲಿ. ಆಕಾರದ ಪಾಯಿಂಟರನ್ನೇ ಪಡೆಯುವ ಸ್ಟಾಟಿಕ್ ಇನ್‌ಲೈನ್ ಫಂಕ್ಷನ್ ಆ ವಿವರ ನೋಡಿ ವೃತ್ತದ ಪಾಯಿಂಟರ್ ಹಿಂದಿರುಗಿಸಲಿ. ಕಡತದ ಹೆಸರು, ಸಾಲಿನ ಸಂಖ್ಯೆ ಸೇರಿಸಿ ಈ ಫಂಕ್ಷನ್ ಕರೆಯುವುದಷ್ಟೇ ಮ್ಯಾಕ್ರೋ ಕೆಲಸ.

ಇಲ್ಲೂ ಒಂದು ಸಂದು ಉಳಿಯುತ್ತದೆ. ವಿಧವನ್ನೇ ಹೇಳದ ವಾಯ್ಡ್ ಪಾಯಿಂಟರ್ ಯಾವ ವಸ್ತುವಿನ ಪಾಯಿಂಟರ್ ಆಗಿ ಬೇಕಾದರೂ ಸದ್ದಿಲ್ಲದೆ ಬದಲಾಗುವುದರಿಂದ ಫಂಕ್ಷನ್ ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಸಿ ಮಾನಕದ 2011ರ ಆವೃತ್ತಿಯಾದ ಸಿ11ರಲ್ಲಿ ಬಂದ, ಕೊಟ್ಟದ್ದರ ವಿಧ ನೋಡಿ ಒಂದನ್ನು ಆರಿಸುವ ‘_ಜೆನೆರಿಕ್’ ನನಗೆ ಬಹಳ ಇಷ್ಟವಾಗುವುದು ಇದಕ್ಕೇ. ‘ಆಕಾರ *’ಗೆ ಒಂದು ಫಂಕ್ಷನ್, ‘ಕಾನ್ಸ್ಟ್ ಆಕಾರ *’ಗೆ (ಬದಲಾಯಿಸಬಾರದ ಆಕಾರಕ್ಕೆ) ಇನ್ನೊಂದು ಎಂದು ಬರೆದು, ಉಳಿದೆಲ್ಲ ವಿಧಗಳಿಗೆ ಅನ್ವಯಿಸುವ ‘ಡಿಫಾಲ್ಟ್’ ಬರೆಯದೆ ಬಿಟ್ಟರೆ ವಾಯ್ಡ್ ಪಾಯಿಂಟರ್ ಬಾಗಿಲಲ್ಲೇ ನಿಲ್ಲುತ್ತದೆ. ಬರಿಯ ಕಾಸ್ಟ್ ಅಳಿಸಿಹಾಕುತ್ತಿದ್ದ ಕಾನ್ಸ್ಟ್ ಗುಣವೂ ಉಳಿಯುತ್ತದೆ. ಆಯ್ಕೆಗೆಂದು ಕೊಟ್ಟ ಅಭಿವ್ಯಕ್ತಿಯನ್ನು ‘_ಜೆನೆರಿಕ್’ ಲೆಕ್ಕ ಹಾಕುವುದಿಲ್ಲ. ಹಾಗಾಗಿ ‘ವ++’ ಕೊಟ್ಟರೂ ಅದು ಒಮ್ಮೆಯೇ ನಡೆಯುತ್ತದೆ.

ಪರೀಕ್ಷೆ ಸೋತರೆ ಏನು ಮಾಡಬೇಕು? ಸಿ ಭಾಷೆಗೆ ವಸ್ತುಗಳನ್ನು ಒದಗಿಸುವ ಜಿಆಬ್ಜೆಕ್ಟ್ ಲೈಬ್ರರಿಯ ಮ್ಯಾಕ್ರೋಗಳು ಎಚ್ಚರಿಕೆ ಮುದ್ರಿಸಿ ಅದೇ ಪಾಯಿಂಟರನ್ನು ಹಿಂದಿರುಗಿಸುತ್ತವೆ. ನಾನಾದರೆ ಬೇಕಿದ್ದ ವಿಧ, ಬಂದ ವಿಧ, ಸಾಲಿನ ಸಂಖ್ಯೆ ಮೂರನ್ನೂ ಬರೆದು ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತೇನೆ. ಬಿಡುಗಡೆಯ ಆವೃತ್ತಿಯಲ್ಲೂ ಈ ಪರೀಕ್ಷೆಯನ್ನು ತೆಗೆಯುವುದಿಲ್ಲ. ಅಳೆದು ನೋಡಿ ನಿಜವಾಗಿಯೂ ಭಾರವೆನಿಸಿದ ಲೂಪ್‌ಗಳಲ್ಲಿ ಮಾತ್ರ ಅದನ್ನು ಲೂಪ್‌ನ ಹೊರಗೆ ಒಮ್ಮೆ ಮಾಡಿ ಮುಗಿಸುತ್ತೇನೆ.