ಕರೆಂಟು ಹೋದರೂ ರಿಂಗಾಗುತ್ತಿದ್ದ ಫೋನು

ನಮ್ಮ ಮನೆ ಜಗಲಿಯ ಗೋಡೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬಿಳಿ ಡಬ್ಬಿ ಈಗಲೂ ಇದೆ, ಹಳೆ ಲ್ಯಾಂಡ್‌ಲೈನ್ ಫೋನಿನದ್ದು. ಅದರಿಂದ ಹೊರಟ ಕಪ್ಪು ತಂತಿ ಮಾಡಿನ ಸಂದಿಯಲ್ಲಿ ನುಸುಳಿ, ಅಂಗಳ ದಾಟಿ, ತೋಟದ ಮೊದಲನೇ ಅಡಿಕೆ ಮರದವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಇಲ್ಲ. ಮುಂದಿನ ತುಂಡನ್ನು ಅಮ್ಮ ತೊಂಡೆ ಚಪ್ಪರಕ್ಕೆ ಕಟ್ಟಿಕೊಂಡಿದ್ದಾಳೆ. ಗಟ್ಟಿ ತಂತಿ, ಹತ್ತು ಮಳೆಗಾಲ ಕಂಡರೂ ತುಕ್ಕು ಹಿಡಿದಿಲ್ಲ.

ಸಾಗರದ ಕಡೆಯ ಒಂಟಿಮನೆ ನಮ್ಮದು. ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳ ದಾಟಿ ಹೋಗಬೇಕು. ಫೋನಿಗಿಂತ ಮೊದಲು ಇಲ್ಲಿ ಇದ್ದದ್ದು ಕೂಗು. ಅಜ್ಜ ಅಂಗಳದ ತುದಿಯಲ್ಲಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು 'ಕೂ' ಹಾಕಿದರೆ ಆಚೆ ಮನೆಯಿಂದ ವಾಪಸ್ ಒಂದು 'ಕೂ' ಬರುತ್ತಿತ್ತು. ಅಷ್ಟಾದರೆ ಯಾರೋ ಒಬ್ಬರು ಬರುತ್ತಾರೆ ಅಂತ ಅರ್ಥ. ಪೇಟೆಗೆ ಸುದ್ದಿ ಮುಟ್ಟಿಸಬೇಕಾದರೆ ಬಸ್ ಕಂಡಕ್ಟರ್ ಕೈಗೆ ಚೀಟಿ. ಇನ್ನೂ ದೂರಕ್ಕಾದರೆ ಟೆಲಿಗ್ರಾಂ. ಅದು ಬಂತು ಅಂದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರು. ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಾಗ ನಮ್ಮೂರಲ್ಲಿ ಯಾರೂ ಗಮನಿಸಲೇ ಇಲ್ಲ.

ಟ್ರಂಕ್ ಕಾಲ್ ಅನ್ನುವುದೂ ಇತ್ತು, ಆಪರೇಟರ್ ಜೋಡಿಸಿಕೊಡುವ ದೂರದೂರಿನ ಕರೆ. ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಲೈಟ್ನಿಂಗ್ ಅಂದರೆ ಆರ್ಡಿನರಿಯ ಎಂಟು ಪಟ್ಟು. ಮಲೆನಾಡಿನಲ್ಲಿ ಆ ಹೆಸರು ಕೇಳಿದರೆ ನಗು ಬರಬೇಕು, ಯಾಕಂದರೆ ಮಿಂಚು ಹೊಡೆದರೆ ಲೈನೇ ಇರುತ್ತಿರಲಿಲ್ಲ.

ಹಳ್ಳಿಗೆ ಫೋನು ಬಂದ ಕಥೆ ಶುರುವಾಗುವುದು ನಮ್ಮ ರಾಜ್ಯದಲ್ಲೇ. ಆಗ ಕರೆ ಜೋಡಿಸಲು ವಿದೇಶದಿಂದ ತರುತ್ತಿದ್ದ ದೊಡ್ಡ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ಧೂಳು, ಸೆಖೆ ಎರಡೂ ಆಗುತ್ತಿರಲಿಲ್ಲ. 1984ರಲ್ಲಿ ಶುರುವಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಎಸಿ ಬೇಡದ, 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ಮಾಡಿತು. ಮೊದಲನೆಯದನ್ನು 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಕೂರಿಸಿದರು. ಒಂದು ಸಣ್ಣ ಕೋಣೆ, ಒಂದು ಸಾಲು ಬ್ಯಾಟರಿ ಇದ್ದರೆ ಸಾಕು, ಕಾಡಿನ ನಡುವಿನ ಊರಿಗೂ ಫೋನು ಕೊಡಬಹುದು ಅಂತಾಯಿತು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು, ದೂರದೂರಿಗೆ ಆಪರೇಟರ್ ಇಲ್ಲದೆ ನೇರ ಡಯಲ್ ಮಾಡಲು. ಗಾಜಿನ ಗೂಡು, ಕೆಂಪು ಅಂಕಿ ಓಡುವ ಮೀಟರು, ಕರ್ ಕರ್ ಅಂತ ಬಿಲ್ಲು. ರಾತ್ರಿ ಹೊತ್ತು ದರ ಇಳಿಯುತ್ತದೆ ಅಂತ ಊಟ ಮುಗಿಸಿ ಕ್ಯೂ ನಿಲ್ಲುತ್ತಿದ್ದರು.

ಮನೆಗೆ ಫೋನು ಬಂದ ಮೇಲೆ ಅದರದ್ದೇ ಒಂದು ಸಂಸಾರ. ಅಮ್ಮ ಹೆಣೆದ ಕ್ರೋಶಾ ಹೊದಿಕೆ, ಡಯಲಿಗೊಂದು ಬೀಗ, ದಾರ ಕಟ್ಟಿದ ಪೆನ್ನು, ನಂಬರ್ ಬರೆಯುವ ಹಳೆ ಡೈರಿ. ಬೆಳಗ್ಗೆ ಅಪ್ಪನ ಮೊದಲ ಕರೆ ಶಿವಮೊಗ್ಗದ ಅಡಿಕೆ ಮಂಡಿಗೆ: ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು. ನಂಬರಿನ ಮುಂದಿನ ಕೋಡ್ 08181 ಅಂದರೆ ತೀರ್ಥಹಳ್ಳಿ, 08183 ಸಾಗರ, 08185 ಹೊಸನಗರ. ಮದುವೆ ಕಾಗದದಲ್ಲಿ ಊರಿನ ಹೆಸರು ಓದುವ ಮೊದಲೇ ಕೋಡ್ ನೋಡಿ ಹುಡುಗ ಯಾವ ತಾಲ್ಲೂಕಿನವನು ಅಂತ ಹೇಳಬಹುದಿತ್ತು.

ಆ ಕಾಗದದಲ್ಲಿ ಇನ್ನೊಂದು ಇರುತ್ತಿತ್ತು, 'ಪಿಪಿ' ಅಂತ. ಪಕ್ಕದ ಮನೆಯ ಫೋನಿನ ನಂಬರ್. ನಮ್ಮ ನಂಬರು ಹೀಗೆ ಕನಿಷ್ಠ ಆರು ಮನೆಗಳ ಕಾಗದದಲ್ಲಿ ಅಚ್ಚಾಗಿದೆ. ಅವರಿಗೆ ಕರೆ ಬಂದರೆ ನಾವು 'ಹತ್ತು ನಿಮಿಷ ಬಿಟ್ಟು ಮಾಡಿ' ಅಂತ ಇಟ್ಟು, ಅಂಗಳಕ್ಕೆ ಓಡಿ 'ಕೂ' ಹಾಕುತ್ತಿದ್ದೆವು. ಅವರು ಗದ್ದೆ ಕೆಸರಿನ ಕಾಲಲ್ಲೇ ಓಡಿ ಬರುತ್ತಿದ್ದರು. ಫೋನು ಬಂದು ಕೂಗು ಸತ್ತಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಫೋನಿನಿಂದಾಗಿ ನಮ್ಮಲ್ಲಿ ಕೂಗು ಜಾಸ್ತಿಯಾಯಿತು! ಅದನ್ನು ನಿಲ್ಲಿಸಿದ್ದು ಮೊಬೈಲ್.

ಈ ಫೋನಿನ ದೊಡ್ಡ ಗುಣ ನಮಗೆ ತಿಳಿದದ್ದು ಅದು ಹೋದ ಮೇಲೆ. ಅದಕ್ಕೆ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ರಿಂಗಾಗುವಾಗ ಇನ್ನೂ ಜಾಸ್ತಿ, ಸುಮಾರು 75 ವೋಲ್ಟ್. ಚಿಕ್ಕವನಿದ್ದಾಗ ಡಬ್ಬಿ ಬಿಚ್ಚಿ ತಂತಿ ಹಿಡಿದುಕೊಂಡಿದ್ದೆ. ಅದೇ ಹೊತ್ತಿಗೆ ಚಿಕ್ಕಮ್ಮನ ಫೋನು ಬಂತು. ಕೈ ಜುಮ್ಮೆಂದದ್ದು ಇವತ್ತಿಗೂ ನೆನಪಿದೆ. ಪುನರ್ವಸು ಮಳೆಯಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲ, ಚಿಮಣಿ ಬುಡ್ಡಿ ಬೆಳಕು, ಅಂಥದ್ದರಲ್ಲಿ ಜಗಲಿಯಲ್ಲಿ ಟ್ರಿಣ್ ಟ್ರಿಣ್. ಹಾಗಂತ ಸುಳ್ಳು ಹೇಳಬಾರದು, ಎಷ್ಟೋ ಸಲ ಅದೇ ಮರ ಫೋನಿನ ತಂತಿಯ ಮೇಲೂ ಬೀಳುತ್ತಿತ್ತು. ಭರಣಿ ಮಳೆಯ ಗುಡುಗು ಕೇಳಿದ ಕೂಡಲೇ ಪಿನ್ ಕೀಳದಿದ್ದರೆ ಫೋನು ಸುಟ್ಟು ಹೋಗುತ್ತಿತ್ತು. ಲೈನ್‌ಮನ್ ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿನ ಉಂಬಳ (ಜಿಗಣೆ) ಕಿತ್ತೊಗೆಯುತ್ತಾ ಬಂದರೆ ನೆಂಟರು ಬಂದಷ್ಟೇ ಉಪಚಾರ.

ಆಮೇಲಿನದ್ದು ಬೇಗ ಬೇಗ ಆಯಿತು. ಬಿಎಸ್ಸೆನ್ನೆಲ್ 2002ರ ಅಕ್ಟೋಬರಿನಲ್ಲಿ ಮೊಬೈಲ್ ಸೇವೆ ಶುರು ಮಾಡಿತು. 2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆಗೆ ದುಡ್ಡು ಕೊಡುವುದು ತಪ್ಪಿತು. 2006ರ ಮಾರ್ಚ್‌ನಲ್ಲಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಅಂದಾಗ ಎಸ್‌ಟಿಡಿ ಬೂತಿನ ಕಥೆ ಮುಗಿಯಿತು. ದೇಶದಲ್ಲಿ ಸ್ಥಿರ ದೂರವಾಣಿ ಸುಮಾರು 5 ಕೋಟಿ ಮುಟ್ಟಿದ್ದೂ ಆ ಹೊತ್ತಿಗೇ. ಅಲ್ಲಿಂದ ಇಳಿಮುಖ. 2020ರ ಜನವರಿ ಕೊನೆಗೆ ಬಿಎಸ್ಸೆನ್ನೆಲ್‌ನ ಸುಮಾರು 78 ಸಾವಿರ ನೌಕರರು ಒಟ್ಟಿಗೇ ಸ್ವಯಂ ನಿವೃತ್ತಿ ತೆಗೆದುಕೊಂಡರು.

ಬೆಂಗಳೂರಿನಲ್ಲಿ ಲ್ಯಾಂಡ್‌ಲೈನ್ ಹೋದದ್ದು ಮೊಬೈಲ್ ಸಿಕ್ಕಿದ ಮೇಲೆ. ನಮ್ಮಲ್ಲಿ ಹಾಗಲ್ಲ. ಪೇಟೆಯಲ್ಲಿರುವ ಮಕ್ಕಳು 'ಸುಮ್ನೆ ಬಾಡಿಗೆ ಯಾಕೆ, ಸರೆಂಡರ್ ಮಾಡಿ' ಅಂದರು. ನಾವೂ ಹೂಂ ಅಂದೆವು. ಆಗಿನ್ನೂ ನಮ್ಮ ಕಣಿವೆಗೆ ಸಿಗ್ನಲ್ ಬಂದೇ ಇರಲಿಲ್ಲ. ಗುಡ್ಡ ಅಡ್ಡ ಇದ್ದರೆ ಟವರಿನ ಅಲೆ ಕೆಳಗೆ ಇಳಿಯುವುದಿಲ್ಲ. ನಾಲ್ಕೇ ಮನೆ ಇರುವ ಕಡೆ ಹೊಸ ಟವರ್ ಹಾಕಿದರೆ ಖರ್ಚು ಹುಟ್ಟುವುದಿಲ್ಲ. ಇದ್ದ ಟವರೂ ಕರೆಂಟು ಹೋಗಿ, ಬ್ಯಾಟರಿ ಮುಗಿದು, ಡೀಸೆಲ್ ಖಾಲಿಯಾದರೆ ಮಲಗುತ್ತದೆ. ಕೊರೊನಾ ಕಾಲದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿದ್ದು, 'ನೆಟ್‌ವರ್ಕ್ ಇಲ್ಲ, ವೋಟೂ ಇಲ್ಲ' ಅಂತ ಮಲೆನಾಡಿನ ಹಳ್ಳಿಗಳು ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮನೆಯಲ್ಲಿ ಒಂದೇ ಕಡೆ ಸಿಗ್ನಲ್ ಸಿಗುತ್ತದೆ, ಜಗಲಿಯ ಕಿಟಕಿಯಲ್ಲಿ. ಅದೂ ಬಲಗಡೆಯಿಂದ ಮೂರನೇ ಸರಳಿನ ಹತ್ತಿರ. ಅಮ್ಮ ಅಲ್ಲಿಗೆ ಬಟ್ಟೆಯ ಸಣ್ಣ ಚೀಲ ಹೊಲಿದು ಕಟ್ಟಿದ್ದಾಳೆ. ಮೊಬೈಲ್ ಇಡೀ ದಿನ ಅದರಲ್ಲಿರುತ್ತದೆ. ತೆಗೆದರೆ ಟವರ್ ಹೋಗುತ್ತದೆ. ಹಾಗಾಗಿ ಸ್ಪೀಕರ್ ಹಾಕಿ, ಕಿಟಕಿಗೆ ಮುಖ ಮಾಡಿ ನಿಂತು ಮಾತಾಡುತ್ತಾಳೆ. ಪಕ್ಕದಲ್ಲಿ ಮೊಳೆಗೆ ಆ ಹಳೆ ಡೈರಿ, ಅದರ ದಾರಕ್ಕೆ ಪೆನ್ನು. ಮೊನ್ನೆ ಆಚೆ ಮನೆಯವರ ಮಗ ಬೆಂಗಳೂರಿನಿಂದ ಫೋನು ಮಾಡಿ, 'ಅತ್ತೆ, ನಮ್ಮಮ್ಮಂಗೆ ಎಷ್ಟು ಮಾಡಿದ್ರೂ ಸಿಗ್ತಾ ಇಲ್ಲ, ಸ್ವಲ್ಪ ಹೇಳ್ತೀರಾ?' ಅಂದ. ಅಮ್ಮ 'ಹತ್ತು ನಿಮಿಷ ಬಿಟ್ಟು ಮಾಡು ಮಾರಾಯ' ಅಂದು ಅಂಗಳಕ್ಕೆ ಇಳಿದಳು.