ದೇವರಿಗೆ ‘ಕೊಡು’ ಅನ್ನಬಹುದಾ?

ನನ್ನ ಹತ್ತಿರ ಲ್ಯಾಟಿನ್ ಕಲಿಯಲು ಬರುವವರಲ್ಲಿ ಚರ್ಚ್ ಗಾಯನ ತಂಡದವರೇ ಜಾಸ್ತಿ. ‘ದೋನಾ ನೋಬಿಸ್ ಪಾಚೆಂ’ ಅಂದರೆ ‘ನಮಗೆ ಶಾಂತಿ ಕೊಡು’ ಎಂದು ಬಿಡಿಸಿ ಹೇಳಿದ ಕೂಡಲೇ ಯಾರಾದರೂ ಕೇಳುತ್ತಾರೆ: ದೇವರಿಗೇ ಅಪ್ಪಣೆ ಮಾಡುವುದಾ?

ನಾವೂ ಮಾಡುತ್ತೇವಲ್ಲ! ‘ಕಾಪಾಡಪ್ಪಾ’ ಅನ್ನುತ್ತೇವೆ. ‘ಕಾಪಾಡುವಿರಾ?’ ಎಂದು ಕೇಳುವುದಿಲ್ಲ. ಲ್ಯಾಟಿನ್ನೂ ಹಾಗೇ. ವಿನಯ ಬೇಕೆನಿಸಿದರೆ ಪಕ್ಕದಲ್ಲಿ ‘ಕ್ವೇಸುಮುಸ್’, ಅಂದರೆ ‘ಬೇಡಿಕೊಳ್ಳುತ್ತೇವೆ’, ಎಂದು ಸೇರಿಸುತ್ತಾರೆ. ‘ಕೊಡು’ ಮಾತ್ರ ‘ಕೊಡು’ ಆಗಿಯೇ ಉಳಿಯುತ್ತದೆ.

ಆದರೆ ‘ಪಾತೆರ್ ನೋಸ್ತೆರ್’ (‘ನಮ್ಮ ತಂದೆಯೇ’ ಎಂದು ಶುರುವಾಗುವ, ಯೇಸು ಕಲಿಸಿದ) ಪ್ರಾರ್ಥನೆಯ ಮೊದಲ ಮೂರು ಕೋರಿಕೆಗಳಲ್ಲಿ ಈ ಅಪ್ಪಣೆ ಇಲ್ಲ. ‘ಸಾಂಕ್ತಿಫಿಚೇತುರ್’, ‘ಆದ್ವೇನಿಯಾತ್’, ‘ಫೀಯಾತ್’. ನಾಮ ಪವಿತ್ರವಾಗಲಿ, ರಾಜ್ಯ ಬರಲಿ, ಚಿತ್ತ ನೆರವೇರಲಿ. ಇದು ಸಬ್‌ಜಂಕ್ಟಿವ್, ಅಂದರೆ ಇಲ್ಲಿ ಹಾರೈಕೆ, ಕೋರಿಕೆ ಹೇಳುವ ಕ್ರಿಯಾರೂಪ. ರೊಟ್ಟಿಯ ಮಾತು ಬಂದಾಗ ನೇರವಾಗಿ ‘ದಾ’, ಕೊಡು! ಕನ್ನಡ ಶಾಲಾ ವ್ಯಾಕರಣ ‘ಕೊಡು’, ‘ಬರಲಿ’ ಎರಡನ್ನೂ ವಿಧ್ಯರ್ಥಕ ಎಂದು ಒಂದೇ ಕಡೆ ಇಡುತ್ತದೆ. ಲ್ಯಾಟಿನ್ ಬೇರೆ ಮಾಡುತ್ತದೆ. ಗ್ರೀಕ್ ಮೂಲದಲ್ಲಿ ಈ ಮೂರೂ ‘ಅವನು ಮಾಡತಕ್ಕದ್ದು’ ಎನ್ನುವ ಬಗೆಯ ಆಜ್ಞಾರೂಪಗಳೇ. ಲ್ಯಾಟಿನ್‌ನಲ್ಲೂ ಅಂಥದ್ದೊಂದಿದೆ, ‘ಎಸ್ತೋ’, ಅಂದರೆ ‘ಆಗತಕ್ಕದ್ದು’. ಅದು ರೋಮಿನ ಹಳೆಯ ಹನ್ನೆರಡು ಫಲಕಗಳ ಕಾನೂನಿನ ಧಾಟಿ. ಪ್ರಾರ್ಥನೆಯಲ್ಲಿ ಕಾಯಿದೆ ಓದಿದ ಹಾಗಾಗುತ್ತಿತ್ತು, ಅಲ್ವಾ?

ಗಾಯಕರಿಗೆ ನಾನು ಪದೇ ಪದೇ ಹೇಳುವುದು ಒಂದೇ ಸ್ವರಾಕ್ಷರದ ವಿಚಾರ. ‘ರೆಕ್ವಿಯೆಸ್ಕಿತ್’ ಅಂದರೆ ವಿಶ್ರಮಿಸುತ್ತಾನೆ. ‘ರೆಕ್ವಿಯೆಸ್ಕಾತ್’ ಅಂದರೆ ವಿಶ್ರಮಿಸಲಿ. ಹಳೆಯ ಕ್ರೈಸ್ತ ಸಮಾಧಿಗಳ ಮೇಲೆ ‘ಇಲ್ಲಿ ಶಾಂತಿಯಿಂದ ವಿಶ್ರಮಿಸುತ್ತಾನೆ’ ಎಂಬ ಮೊದಲನೆಯ ರೂಪವೂ ಸಿಗುತ್ತದೆ. ಸತ್ತವರಿಗಾಗಿ ಬೇಡುವಾಗ ಎರಡನೆಯದೇ ಬೇಕು.

ಇನ್ನು ‘ಪಾತೆರ್ ನೋಸ್ತೆರ್’ನಲ್ಲೇ ಮುಂದೆ ಬರುವ ‘ನೇ ನೋಸ್ ಇಂದೂಕಾಸ್’, ಶೋಧನೆಗೆ (ಪಾಪದ ಪ್ರಲೋಭನೆಗೆ) ನಮ್ಮನ್ನು ಒಳಪಡಿಸಬೇಡ ಎನ್ನುವ ಮಾತು. ಇದೂ ಸಬ್‌ಜಂಕ್ಟಿವ್. ಹಾಗಾಗಿ ಕೆಲವರು ‘ನಾವು ಶೋಧನೆಗೆ ಬೀಳದಿರಲಿ’ ಎಂದು ಮೆತ್ತಗೆ ಬರೆದುಬಿಡುತ್ತಾರೆ. ತಪ್ಪು. ಇಲ್ಲಿ ಕರ್ತೃ ‘ನೀನು’. ಲ್ಯಾಟಿನ್ ಗದ್ಯದಲ್ಲಿ ‘ಮಾಡು’ ಎನ್ನುವ ರೂಪಕ್ಕೆ ಸುಮ್ನೆ ‘ಬೇಡ’ ಎನ್ನುವ ‘ನೇ’ ಅಂಟಿಸುವ ರೂಢಿ ಕಡಿಮೆ. ಬೇಡ ಅನ್ನಲು ಬೇರೆ ರೂಪ ಹಿಡಿಯಬೇಕು. ನಾವೂ ‘ಕೊಡು’ವನ್ನು ಬಿಟ್ಟು ‘ಕೊಡಬೇಡ’ಕ್ಕೆ ಹೋಗುತ್ತೇವಲ್ಲ, ಹಾಗೆ. ಆದ್ದರಿಂದ ಹಾಳೆಯ ಅಂಚಿನಲ್ಲಿ ‘ನಮ್ಮನ್ನು ಒಳಪಡಿಸಬೇಡ’ ಎಂದೇ ಬರೆಸುತ್ತೇನೆ.